ಇನ್ನೊಂಚೂರಪ್ಪನ ರಾಜ್ಯ ಸುಧಾರಣೆ

ಬೀದಿಯಲ್ಲಿ ಎಲ್ಲರೂ ಅವನನ್ನು ಇನ್ನೊಂಚೂರಪ್ಪ ಎಂದೇ ಕರೆಯುತ್ತಿದ್ದರು. ಮೋಟಾರು ರಿಪೇರಿ ಅವನ ಕಸುಬು. ಫ್ಯಾನು, ಮಿಕ್ಸಿ, ನೀರೆತ್ತುವ ಪಂಪು, ಹೀಗೆ ತಿರುಗುವ ಯಾವ ವಸ್ತು ಕೆಟ್ಟರೂ ಜನ ಅವನ ಅಂಗಡಿಗೆ ತರುತ್ತಿದ್ದರು. ಕೆಟ್ಟದ್ದು ಸರಿಯಾದ ಕೂಡಲೇ ಅವನು ಕೈ ಬಿಟ್ಟಿದ್ದರೆ ಈ ಹೆಸರು ಅಂಟಿಕೊಳ್ಳುತ್ತಲೇ ಇರಲಿಲ್ಲ. ಆದರೆ ಅವನು ಸರಿಯಾದ ವಸ್ತುವನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ, "ಇನ್ನೊಂಚೂರು ಚೆನ್ನಾಗಿ ಮಾಡ್ಬಹುದು" ಅನ್ನುತ್ತಿದ್ದ. ಗಿರಾಕಿ "ಬೇಡಣ್ಣ, ತಿರುಗಿದ್ರೆ ಸಾಕು" ಎಂದು ಕೈ ಚಾಚಿದರೂ ಕೊಡುತ್ತಿರಲಿಲ್ಲ. ಹೊಲಿಗೆ ಅಂಗಡಿಯವಳ ಟೇಬಲ್ ಫ್ಯಾನು ಹೀಗೆ ಇನ್ನೊಂಚೂರು ಚೆನ್ನಾಗಲು ಹೋಗಿ, ಸ್ವಿಚ್ಚು ಹಾಕಿದೊಡನೆ ಮೇಜಿನ ತುದಿಯವರೆಗೆ ತಾನೇ ನಡೆಯತೊಡಗಿತು. ಅವಳು ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿಹಾಕಿ ಗಾಳಿ ಬೀಸಿಸಿಕೊಳ್ಳುತ್ತಿದ್ದಳು.

ಅಂಗಡಿಯಲ್ಲಾದರೆ ಗಿರಾಕಿಗಳು ವಸ್ತುವನ್ನು ಕಿತ್ತುಕೊಂಡು ಓಡಬಹುದಿತ್ತು. ಮನೆಯವರಿಗೆ ಆ ಭಾಗ್ಯವೂ ಇರಲಿಲ್ಲ. ಅಡುಗೆಮನೆಯ ನಲ್ಲಿ ಎಡಕ್ಕೆ ತಿರುಗಿಸಿದರೆ ನಿಲ್ಲುತ್ತಿತ್ತು, ಬಲಕ್ಕೆ ತಿರುಗಿಸಿದರೂ ನಿಲ್ಲುತ್ತಿತ್ತು. ನೀರು ಬರಬೇಕೆಂದರೆ ಮೇಲಕ್ಕೆತ್ತಿ ಒಂದು ಕ್ಷಣ ಕಾಯಬೇಕು. ಬಚ್ಚಲುಮನೆಯ ದೀಪ ಮನುಷ್ಯರ ಚಲನೆ ಕಂಡರೆ ಮಾತ್ರ ಉರಿಯುವಂತೆ ಮಾಡಿದ್ದರಿಂದ, ಒಳಗೆ ಹೋದವರು ಆಗಾಗ ಕೈ ಬೀಸುತ್ತಿರಬೇಕಿತ್ತು. ಅವನ ತಾಯಿ ಒಮ್ಮೆ ಕೈ ಬೀಸಲು ಮರೆತು, ಕತ್ತಲಲ್ಲಿ ಕೂತು, ಮಗನ ಜಾತಕವನ್ನೆಲ್ಲ ಜಾಲಾಡಿದ್ದಳು.

ಹೆಂಡತಿ ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಕೂರುವವಳು. ಗಾಜಿನಲ್ಲಿ ಕೊರೆದ ದುಂಡನೆಯ ತೂತಿನ ಆಚೆ ದಿನವಿಡೀ ಜನ ನಿಂತು ಕಿರುಚುತ್ತಿದ್ದರು. ನೀರು ಬಂದಿಲ್ಲವೆಂದು ಕೆಲವರು, ಬಂದದ್ದು ಕೆಂಪಗಿದೆಯೆಂದು ಕೆಲವರು. ಸಂಜೆ ಬಸವಳಿದು ಮನೆಗೆ ಬಂದು ನಲ್ಲಿ ಎತ್ತಿ ಹಿಡಿದು ನಿಂತರೆ, ಒಳಗಿನಿಂದ ಗಂಡ ಕೇಳುತ್ತಿದ್ದ: "ಹೇಗಿದೆ? ಮೊದಲಿಗಿಂತ ವಾಸಿ ಅಲ್ವಾ?"

ಇನ್ನೊಂಚೂರು ಚೆನ್ನಾದ ಮಿಕ್ಸಿಯ ಮುಚ್ಚಳ ಒಂದು ಸಂಜೆ ಹಾರಿ, ಟೊಮೆಟೊ ಅಷ್ಟೂ ಅಡುಗೆಮನೆಯ ಸೂರಿಗೆ ಬಡಿಯಿತು. ಅವಳು ಕೂಗಾಡಲಿಲ್ಲ. ಕೆನ್ನೆಗೆ ತೊಟ್ಟಿಕ್ಕಿದ್ದನ್ನು ಒರೆಸಿಕೊಂಡು ಅಣ್ಣನ ಮಗಳಿಗೆ ಫೋನು ಮಾಡಿದಳು. "ನಿಮ್ಮ ಮಾವನ ಕೈಗೆ ಏನಾದ್ರೂ ಕೊಡು ಕಣೇ. ಕೆಟ್ರೂ ನಮಗೆ ತೊಂದ್ರೆ ಆಗದೇ ಇರೋ ಅಂಥದ್ದು."

ಅಣ್ಣನ ಮಗಳು ಆಸ್ಪತ್ರೆಯೊಂದರಲ್ಲಿ ಮುರಿದು ಕೂಡಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವವಳು. ಹಟಮಾರಿಗಳನ್ನು ಪಳಗಿಸುವುದು ಅವಳಿಗೆ ಗೊತ್ತಿತ್ತು. ಹೊಸ ಕಂಪ್ಯೂಟರು ಕೊಂಡಿದ್ದಳಾದ್ದರಿಂದ ಹಳೆಯದನ್ನು ಹೊತ್ತು ತಂದು ನಡುಮನೆಯ ಮೂಲೆಯಲ್ಲಿ ಇಟ್ಟಳು. ಅದರಲ್ಲಿ ಒಂದು ಆಟವಿತ್ತು. ಆಟವೆಂದರೆ ಒಂದು ರಾಜ್ಯವೇ: ಬೆಟ್ಟ, ಕೋಟೆ, ಕಾಡು, ಮಾಟಗಾತಿಯರು, ಕತ್ತಿವರಸೆ. ಕೋಟೆಯ ದೊಡ್ಡ ಗಂಟೆಯನ್ನು ಡ್ರ್ಯಾಗನ್ ಒಂದು ಹೊತ್ತುಕೊಂಡು ಹೋಗಿ ಗುಹೆಯಲ್ಲಿ ಕೂತಿದೆ. ಆಡುವವರು ಒಬ್ಬ ಬಡ ಪಯಣಿಗನಾಗಿ ಆ ರಾಜ್ಯಕ್ಕೆ ಬಂದು, ಬಲ ಬುದ್ಧಿ ಬೆಳೆಸಿಕೊಂಡು, ಗಂಟೆಯನ್ನು ಮರಳಿ ತರಬೇಕು.

ಇನ್ನೊಂಚೂರಪ್ಪ ಇಲಿಯಂತಿದ್ದ ಮೌಸನ್ನು ಕೈಯಲ್ಲಿ ಹಿಡಿದು ನದಿಯವರೆಗೆ ಹೋದ. ಅಲ್ಲೇ ನಿಂತ.

"ಮುಂದೆ ಹೋಗಿ ಮಾವ. ಕೋಟೆ ಆ ಕಡೆ."

"ನೀರು ಹೀಗೆ ಹರಿಯುತ್ತಾ? ಇದು ಪ್ಲಾಸ್ಟಿಕ್ ಹಾಳೆ ಎಳೆದ ಹಾಗಿದೆ."

"ಹಳೇ ಆಟ ಮಾವ. ಹಾಗೇ ಇರುತ್ತೆ. ಬೇಕಾದ್ರೆ ನೀರಿಗೆ ಮಾಡ್ ಹಾಕ್ಕೊಬಹುದು."

"ಮಾಡ್ ಅಂದ್ರೆ? ಏನು ಮಾಡೋದು?"

"ಮಾಡೋದೇ!" ಎಂದು ಅವಳು ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. ಈ ಆಟ ಆಡುವವರು ಲೋಕದ ತುಂಬ ಇದ್ದಾರೆ. ಒಬ್ಬನಿಗೆ ನೀರು ಹಿಡಿಸಲಿಲ್ಲವೆಂದರೆ ಅವನು ಒಳ್ಳೆಯ ನೀರು ಮಾಡಿ ಎಲ್ಲರಿಗೂ ಹಂಚುತ್ತಾನೆ. ಇನ್ನೊಬ್ಬಳು ಮರ ಮಾಡುತ್ತಾಳೆ, ಮತ್ತೊಬ್ಬ ಮೋಡ. ಇಂಥ ತೇಪೆಗೆ ಮಾಡ್ ಎನ್ನುತ್ತಾರೆ. ಬೇಕಾದ್ದನ್ನು ಆರಿಸಿ ನಮ್ಮ ಆಟಕ್ಕೆ ಸೇರಿಸಿಕೊಳ್ಳಬಹುದು.

ಇನ್ನೊಂಚೂರಪ್ಪನ ಮುಖದ ಮೇಲೆ ಅವತ್ತು ಬಂದ ಕಳೆಯನ್ನು ಹೆಂಡತಿ ಮದುವೆಯ ದಿನವೂ ಕಂಡಿರಲಿಲ್ಲ. ಲೋಕದ ತುಂಬ ತನ್ನಂಥವರೇ ಇದ್ದಾರೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲು ನೀರು ಬದಲಾಯಿತು. ಒಳ್ಳೆಯ ನೀರಿನ ಪಕ್ಕದಲ್ಲಿ ಹಳೆಯ ಹುಲ್ಲು ಒಣಕಲಾಗಿ ಕಂಡದ್ದರಿಂದ ಹುಲ್ಲು ಬದಲಾಯಿತು. ಹುಲ್ಲಿಗೆ ತಕ್ಕ ಮರ ಬಂತು, ಮರಕ್ಕೆ ತಕ್ಕ ಗಾಳಿ ಬಂತು, ಗಾಳಿಗೆ ಹಾರುವ ಕೂದಲು ಬೇಕಾಯಿತು. ಕೂದಲಿನ ಮಾಡ್ ಆರಿಸುವಾಗ ಅವನು ಹೆಣ್ಣು ನೋಡಲು ಹೋದ ಗಂಡಿನ ಅಮ್ಮನಿಗಿಂತ ಹೆಚ್ಚು ತಕರಾರು ತೆಗೆದ. ಒಂದರಲ್ಲಿ ಎಣ್ಣೆ ಜಾಸ್ತಿ, ಒಂದರಲ್ಲಿ ಬೈತಲೆ ಸೊಟ್ಟ. ಕೊನೆಗೆ ಎರಡನ್ನೂ ಒಟ್ಟಿಗೆ ಹಾಕಿದ. ಎರಡು ಕೂದಲುಗಳು ಒಂದರೊಡನೊಂದು ಜಗಳವಾಡಿಕೊಂಡು ಹೊರಟುಹೋದವು. ರಾಜ, ರಾಣಿ, ಮಾಟಗಾತಿ, ಎಲ್ಲರೂ ಬೋಳು.

"ಯಾರು ಸತ್ರು?" ಎಂದು ಕೇಳಿದಳು ಅವನ ತಾಯಿ, ಹೆಣಿಗೆಯಿಂದ ತಲೆಯೆತ್ತಿ.

"ಯಾರೂ ಸತ್ತಿಲ್ಲಮ್ಮ. ಮಾಡಿಗೆ ಮಾಡು ಸೇರ್ತಿಲ್ಲ."

ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದರ ಮೇಲೆ ಎಲ್ಲ ನಿಂತಿದೆಯೆಂದು ಅವನಿಗೆ ನಿಧಾನವಾಗಿ ತಿಳಿಯಿತು. ಮನೆಗಳ ಮಾಡಿಗಿಂತ ಮೊದಲು ಮರಗಳ ಮಾಡು ಹಾಕಿದರೆ ಮರಗಳು ನೇರ ಅಡುಗೆಮನೆಯ ಮಧ್ಯೆ ಏಳುತ್ತಿದ್ದವು. ಕೋಳಿಗಳನ್ನು ಸುಧಾರಿಸಿದ ಮೇಲೆ ಅವು ನಡೆಯುವುದನ್ನು ಬಿಟ್ಟು ಕೋಟೆಯ ಮೇಲೆ ತೇಲತೊಡಗಿದವು. ಅವನು ಒಂದೊಂದಾಗಿ ತೆಗೆದ, ಹಾಕಿದ, ಮತ್ತೆ ತೆಗೆದ. ಡ್ರ್ಯಾಗನ್ನಿನ ಗೊಡವೆಗೆ ಹೋಗಲೇ ಇಲ್ಲ. ಇಂಥ ಅವ್ಯವಸ್ಥೆಯ ರಾಜ್ಯಕ್ಕೆ ಗಂಟೆ ತಂದು ಕಟ್ಟುವುದಾದರೂ ಎಲ್ಲಿ ಎಂದು ಅವನ ವಾದ.

ಮನೆಯಲ್ಲಿ ಮಾತ್ರ ಸುಖ ನೆಲೆಸಿತು. ಅವನ ಗಮನ ಬೇರೆಡೆ ಇದ್ದಾಗ ಹೆಂಡತಿ ಪ್ಲಂಬರನ್ನು ಕರೆಸಿ ಸಾಧಾರಣ ನಲ್ಲಿ ಹಾಕಿಸಿದಳು. ಅವನಿಗೆ ಗೊತ್ತೇ ಆಗಲಿಲ್ಲ.

ಹಾಕಿದ ಮಾಡುಗಳು ನೆಟ್ಟಗಿವೆಯೇ ಎಂದು ನೋಡಲು ಯಾರಾದರೂ ಆಟದೊಳಗೆ ಓಡಾಡಬೇಕಿತ್ತು. ತಾನೇ ಓಡಾಡಿದರೆ ಹೆಜ್ಜೆಗೊಂದು ಕುಂದು ಕಂಡು ಅಲ್ಲಲ್ಲೇ ನಿಂತುಬಿಡುತ್ತಾನೆ. ಹಾಗಾಗಿ ಹೆಂಡತಿಯನ್ನು ಕರೆದ. "ಬಾರೇ ಇಲ್ಲಿ. ನೀನು ಸುಮ್ನೆ ಆ ಸೇತುವೆ ದಾಟಿ ಕೋಟೆ ತನಕ ನಡಿ. ನಾನು ನೋಡ್ತೀನಿ."

"ದಿನವೆಲ್ಲ ಕೂತು ಸೊಂಟ ಹಿಡಿದಿದೆ, ಈಗ ಕೂತ್ಕೊಂಡು ನಡೀಬೇಕಾ?" ಎಂದು ಗೊಣಗುತ್ತಲೇ ಅವಳು ಕೂತಳು. ಸೇತುವೆ ದಾಟಿದಳು. ಕೋಟೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿದ್ದ. ಡೊಳ್ಳು ಹೊಟ್ಟೆ, ಒಂದು ಕಡೆ ಇಳಿದ ಮೀಸೆ. ಅವಳು ಹತ್ತಿರ ಹೋದೊಡನೆ ಅವನ ಮಾತು ಪರದೆಯ ಕೆಳಗೆ ಮೂಡಿತು: "ಬಾ ಪಯಣಿಗ. ದೂರದಿಂದ ಬಂದಿದ್ದೀಯ. ಆರಾಮಾಗಿದ್ದೀಯಾ?"

"ಹೂಂ, ಆರಾಮು" ಎಂದಳು ಅವಳು, ಯೋಚಿಸದೆ.

ಮಾರನೆಯ ಸಂಜೆ ಮತ್ತೆ ನಡೆದಳು. ಅದರ ಮಾರನೆಯ ಸಂಜೆ ಗಂಡ ಕರೆಯುವ ಮೊದಲೇ ಬಂದು ಕೂತಳು. ಗಂಡ ಹಿಂದೆ ಕುರ್ಚಿ ಹಾಕಿಕೊಂಡು ನೆರಳು ಸರಿಯಾಗಿ ಬೀಳುತ್ತಿದೆಯೇ, ಎಲೆ ಸರಿಯಾಗಿ ಅಲುಗುತ್ತಿದೆಯೇ ನೋಡುತ್ತಿದ್ದ. ಅವಳು ತನ್ನ ಪಾಡಿಗೆ ಕಾಡಿನಲ್ಲಿ ಅಣಬೆ ಕಿತ್ತು ಸಂತೆಯಲ್ಲಿ ಮಾರಿದಳು. ನದಿಯ ತಿರುವಿನಲ್ಲಿ ಒಂದು ಗುಡಿಸಲು ಕಟ್ಟಿದಳು. ಅದರ ಮುಂದೆ ಎಲೆಕೋಸು ಹಾಕಿದಳು. ಯಾರ ಮೇಲೂ ಕತ್ತಿ ಎತ್ತಲಿಲ್ಲ. ಎದುರು ಬಂದ ತೋಳವೊಂದಕ್ಕೆ ಅಣಬೆ ಹಾಕಿ ಕಳಿಸಿದಳು. ಕೋಟೆಗೆ ಹೋದಾಗಲೆಲ್ಲ ಕಾವಲುಗಾರ ಅದೇ ಮಾತು ಕೇಳುತ್ತಿದ್ದ, ಅವಳು ಅದೇ ಉತ್ತರ ಕೊಡುತ್ತಿದ್ದಳು. ಕೆಲವು ಸಲ ಕೆಲಸವಿಲ್ಲದಿದ್ದರೂ ಒಂದು ಸುತ್ತು ಹಾಕಿ ಮತ್ತೆ ಬಾಗಿಲ ಮುಂದೆ ಬರುತ್ತಿದ್ದಳು.

ಇದು ಇನ್ನೊಂಚೂರಪ್ಪನ ಕಣ್ಣಿಗೆ ಬಿತ್ತು. ಬಿದ್ದದ್ದು ಸರಿಯಾದ ರೀತಿಯಲ್ಲಿ ಅಲ್ಲ.

"ಈ ಡೊಳ್ಳಪ್ಪನಿಗೆ ಬೇರೆ ಮಾತೇ ಬರಲ್ವಾ? ಹೊಡೆದದ್ದೇ ಹೊಡೆಯೋ ಗಡಿಯಾರ" ಎಂದುಕೊಂಡು ಮಾಡುಗಳ ಸಾಗರಕ್ಕೆ ಧುಮುಕಿದ. ಹುಡುಕಿ ಹುಡುಕಿ ಒಂದು ಭಾರೀ ಮಾಡ್ ಹೊರತೆಗೆದ. ಅದರ ಹೆಸರು ನಿಜಜೀವನ. ಅದನ್ನು ಹಾಕಿದರೆ ಆಟದ ಜನರೆಲ್ಲ ನಿಜವಾದ ಮನುಷ್ಯರ ಹಾಗೆ ವರ್ತಿಸುತ್ತಾರೆ, ಪ್ರತಿಯೊಬ್ಬರಿಗೂ ನೂರಾರು ಮಾತು, ಹಸಿವು, ಚಳಿ, ಮುನಿಸು, ಎಲ್ಲ ಇರುತ್ತದೆ ಎಂದು ಮಾಡಿದವನು ಬರೆದಿದ್ದ. ಬಳಸಿದವರೆಲ್ಲ ಹೊಗಳಿದ್ದರು. ಹೆಂಡತಿ ಕಚೇರಿಯಿಂದ ಬರುವಷ್ಟರಲ್ಲಿ ಹಾಕಿ, ಏನೂ ಅರಿಯದವನಂತೆ ಪಕ್ಕದ ಕುರ್ಚಿಯಲ್ಲಿ ಕೂತ. ಒಳಗೊಳಗೆ ಬೀಗುತ್ತಿದ್ದ.

ಅವತ್ತು ಯಾವುದೋ ಮುಖ್ಯ ಪೈಪು ಒಡೆದು ಅರ್ಧ ಊರಿಗೆ ನೀರಿರಲಿಲ್ಲ. ಗಾಜಿನ ತೂತಿನ ಮುಂದೆ ಜಾತ್ರೆ. ಅವಳು ಮನೆಗೆ ಬಂದು, ಚಪ್ಪಲಿ ಬಿಟ್ಟು, ಮುಖ ತೊಳೆದು, ನೇರವಾಗಿ ಕಂಪ್ಯೂಟರಿನ ಮುಂದೆ ಕೂತು ಕೋಟೆಯ ಬಾಗಿಲಿಗೆ ನಡೆದಳು.

ಕಾವಲುಗಾರ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಮತ್ತೆ ಬಂದೆಯಾ? ಸರದಿಯಲ್ಲಿ ನಿಲ್ಲು."

ಅವಳು ತಬ್ಬಿಬ್ಬಾಗಿ ಹಿಂದೆ ಸರಿದಳು. ಹಿಂದೆ ನಿಂತಿದ್ದ ಕುಂಬಾರ, "ಕಣ್ಣು ಕಾಣಲ್ವಾ?" ಎಂದ. ಸಂತೆಯವಳು ಅಣಬೆ ಕೊಳೆತಿದೆ ಎಂದು ಮುಖದ ಮೇಲೆ ಎಸೆದಳು. ಗುಡಿಸಲಿಗೆ ಹೋದರೆ ಎಲೆಕೋಸಿಗೆ ಹುಳ ಬಿದ್ದಿತ್ತು, ಪಕ್ಕದ ಮನೆಯವನು ಅವಳ ಬೇಲಿ ತನ್ನ ಜಾಗದಲ್ಲಿದೆ ಎಂದು ಜಗಳಕ್ಕೆ ನಿಂತಿದ್ದ. ಪಯಣಿಗನಿಗೆ ಹಸಿವೂ ನೆಗಡಿಯೂ ಒಟ್ಟಿಗೆ ಹತ್ತಿದ್ದವು.

"ಹೇಗಿದೆ?" ಎಂದ ಇನ್ನೊಂಚೂರಪ್ಪ. "ಥೇಟ್ ನಿಜ ಅಲ್ವಾ?"

ಅವಳು ತಿರುಗಿ ಅವನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು.

"ದಿನಾ ಆ ಗಾಜಿನ ಹಿಂದೆ ಕೂತು ಬೈಸ್ಕೊಂಡು ಬರ್ತೀನಿ. ಇಲ್ಲೂ ಬೈಸ್ಕೋಬೇಕೇನ್ರೀ?" ಎಂದಳು. ಎದ್ದು ಒಳಗೆ ಹೋದಳು.

ಇನ್ನೊಂಚೂರಪ್ಪ ಬೆಪ್ಪನಂತೆ ಕೂತ. "ಎಲ್ಲರೂ ಹೊಗಳಿದ್ದಾರಲ್ಲ ಈ ಮಾಡನ್ನ..." ಎಂದು ತಾಯಿಯ ಕಡೆ ನೋಡಿದ.

ತಾಯಿ ಹೆಣಿಗೆಯ ಕಡ್ಡಿ ಕೆಳಗಿಟ್ಟಳು. "ಪೆದ್ದ. ಆ ಮೀಸೆಯವನು ಅವಳನ್ನ ಆರಾಮಾಗಿದ್ದೀಯಾ ಅಂತ ಕೇಳ್ತಿದ್ದ. ಈ ಮನೇಲಿ ಯಾರು ಕೇಳಿದ್ದಾರೆ? ನೀನು ಕೇಳೋದು ನಲ್ಲಿ ಆರಾಮಾಗಿದೆಯಾ ಅಂತ."

ಆ ಮಾತು ನೆಟ್ಟಗೆ ಹೋಗಿ ನಾಟಿತು. ಬೇರೆ ಗಂಡಸಾಗಿದ್ದರೆ ಒಳಗೆ ಹೋಗಿ ಕ್ಷಮೆ ಕೇಳುತ್ತಿದ್ದ. ಇವನು ಇನ್ನೊಂಚೂರಪ್ಪ, ರಿಪೇರಿಗೆ ಇಳಿದ. ನಿಜಜೀವನವನ್ನು ಕಿತ್ತುಹಾಕಿದ. ಆದರೆ ಅದು ರಾಜ್ಯದ ನರನಾಡಿಗಳಲ್ಲೆಲ್ಲ ಬೆರೆತುಹೋಗಿತ್ತು. ಕಿತ್ತದ್ದೇ ತಡ, ಕಾವಲುಗಾರ ಕುತ್ತಿಗೆಯವರೆಗೆ ನೆಲದಲ್ಲಿ ಹೂತುಹೋದ. ಕುಂಬಾರ ತನ್ನ ಮಡಕೆಯೊಳಗೆ ನಿಂತಿದ್ದ. ಪಕ್ಕದ ಮನೆಯವನ ಕುದುರೆ ಹೆಂಡತಿಯ ಗುಡಿಸಲಿನ ಸೂರಿನ ಮೇಲೆ ನಿಂತು, ಕೆಳಗಿಳಿಯುವ ದಾರಿ ಕಾಣದೆ ಕೆನೆಯುತ್ತಿತ್ತು.

ಗಾಬರಿಯಿಂದ ಹೆಂಡತಿಯ ಅಣ್ಣನ ಮಗಳಿಗೆ ಫೋನು ಮಾಡಿದ.

"ಆಟದ ನಡುವೆ ತೆಗೀಬಾರದು ಮಾವ! ದೊಡ್ಡ ಮಾಡು ಅದು. ಈಗ ಒಂದೇ ದಾರಿ. ಎಲ್ಲ ತೆಗೆದು ಮೊದಲಿಂದ ಶುರು ಮಾಡಿ."

"ಅವಳ ಗುಡಿಸಲು?"

"ಹೋಗುತ್ತೆ."

"ಎಲೆಕೋಸು?"

"ಮಾವ, ಎಲ್ಲಾನೂ."

"ಮೊದಲಿಂದ ಅಂದ್ರೆ, ಯಾವ ಮಾಡು ಇಟ್ಕೋಬೇಕು, ಯಾವುದು ಬಿಡಬೇಕು?"

"ಅದನ್ನ ನನ್ನ ಯಾಕೆ ಕೇಳ್ತೀರಿ? ಅಲ್ಲಿ ವಾಸ ಮಾಡ್ತಿದ್ದೋರು ಯಾರು?"

ಹೆಂಡತಿ ಅವನೊಡನೆ ಮಾತು ಬಿಟ್ಟಿದ್ದಳು. ಮಾತು ಬಿಟ್ಟಿದ್ದಳು ಅಂದರೆ ಬೇಕಾದ್ದಕ್ಕಷ್ಟೇ ಬಾಯಿ ಬಿಡುತ್ತಿದ್ದಳು, ಅದೂ ಅತ್ತೆಯ ಮೂಲಕ. "ಅತ್ತೆ, ಛತ್ರಿ ತಗೊಂಡು ಹೋಗೋಕೆ ಹೇಳಿ" ಎಂಬಂತೆ. ಎರಡು ಮಾತು ಕೇಳಬೇಕೆಂದು ಹತ್ತಿರ ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳು ಎದ್ದು ಹೋಗಲಾರದ ಜಾಗ ಯಾವುದು ಎಂದು ಅವನು ಯೋಚಿಸಿದ. ಮಾರನೆಯ ದಿನ ಅಂಗಡಿಗೆ ಅರ್ಧ ಬಾಗಿಲು ಎಳೆದು, ನೀರು ಸರಬರಾಜು ಕಚೇರಿಗೆ ಹೋಗಿ, ದೂರಿನ ಸಾಲಿನಲ್ಲಿ ನಿಂತ.

ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಗೋಡೆಗೆ ಒತ್ತಿದ ಬೆಂಚುಗಳು, ಪಿಕ್ ಪಿಕ್ ಎನ್ನುವ ಟ್ಯೂಬ್‌ಲೈಟು. ಅವನ ಮುಂದೆ ಒಬ್ಬ ದಢಿಯ, ಕೆಸರುನೀರಿನ ಬಾಟಲಿಯನ್ನು ಗಾಜಿಗೆ ಕುಟ್ಟುತ್ತ, "ಇದನ್ನ ನೀನು ಕುಡೀತೀಯಾ? ನಿನ್ನ ಮಕ್ಕಳಿಗೆ ಕುಡಿಸ್ತೀಯಾ?" ಎಂದು ಕೂಗುತ್ತಿದ್ದ. ಗಾಜಿನಾಚೆ ಅವಳು ತಲೆ ಬಗ್ಗಿಸಿ, ಅವನ ವಿಳಾಸ ಬರೆದುಕೊಂಡು, "ನಾಳೆ ಜನ ಕಳಿಸ್ತೀವಿ ಸ್ವಾಮಿ" ಎಂದಳು. ದನಿಯಲ್ಲಿ ಬೇಸರವಿರಲಿಲ್ಲ, ಏನೂ ಇರಲಿಲ್ಲ. ಅವಳ ಮುಂದೆಯೂ ಹಿಂದೆಯೂ ಇದ್ದ ಫ್ಯಾನುಗಳೆರಡೂ ಕಿರಗುಟ್ಟುತ್ತಿದ್ದವು. ಇನ್ನೊಂಚೂರಪ್ಪನಿಗೆ ಆ ಸದ್ದು ಕೇಳಲೇ ಇಲ್ಲವೆಂದರೆ ಅವನ ಅವಸ್ಥೆ ಊಹಿಸಿಕೊಳ್ಳಿ.

ಅವನ ಸರದಿ ಬಂತು. ಅವಳು ತಲೆಯೆತ್ತದೆ, "ಹೇಳಿ, ಏನು ದೂರು?" ಎಂದಳು.

ಅವನು ತೂತಿಗೆ ಬಾಯಿ ಹತ್ತಿರ ತಂದ. "ಆರಾಮಾಗಿದ್ದೀಯಾ?"

ಅವಳ ಪೆನ್ನು ನಿಂತಿತು. ತಲೆಯೆತ್ತಿ, ಅವನನ್ನು ಕಂಡು, ಆಚೀಚೆ ನೋಡಿ, ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಇಲ್ಲ್ಯಾಕೆ ಬಂದ್ರಿ? ಅತ್ತೆಗೇನಾದ್ರೂ ಆಯ್ತಾ?"

"ಅಮ್ಮ ಚೆನ್ನಾಗಿದ್ದಾಳೆ. ಕಾವಲುಗಾರ ಕತ್ತಿನ ತನಕ ಹೂತುಹೋಗಿದ್ದಾನೆ. ನಿನ್ನ ಮನೆ ಮೇಲೆ ಕುದುರೆ ಹತ್ತಿದೆ."

ಹಿಂದೆ ನಿಂತಿದ್ದ ಮುದುಕಿಯೊಬ್ಬಳು "ಅಯ್ಯೋ!" ಎಂದಳು.

"ತಪ್ಪಾಯ್ತು ಕಣೇ. ಎಲ್ಲ ಮೊದಲಿಂದ ಕಟ್ಬೇಕು. ಯಾವುದು ಇರಲಿ, ಯಾವುದು ಬೇಡ, ನೀನು ಹೇಳು. ನಾನು ಆರಿಸಲ್ಲ."

ಅವಳು ತುಟಿ ಬಿಗಿ ಹಿಡಿದಿದ್ದಳು. ಆದರೆ ತುಟಿಯ ಒಂದು ಮೂಲೆ ಮಾತು ಕೇಳುತ್ತಿರಲಿಲ್ಲ. "ಹಸಿವು ನೆಗಡಿ ಎರಡೂ ಬೇಡ" ಎಂದಳು ಕೊನೆಗೆ, ಸರ್ಕಾರಿ ದನಿಯಲ್ಲೇ. "ಕುಂಬಾರ ಬಾಯಿ ಮುಚ್ಕೊಂಡಿರಲಿ. ನೀರು ಇರಲಿ, ಚೆನ್ನಾಗಿ ಮಾಡಿದ್ದೀರಿ. ಆ ಮರದ ನೆರಳೂ ಇರಲಿ."

"ಕೂದಲು?"

"ರಾಣಿಗೆ ಹೊಸದು. ರಾಜನಿಗೆ ಬೋಳೇ ಚೆನ್ನಾಗಿತ್ತು."

"ಕೋಳಿ?"

ಅವಳು ಒಂದು ಕ್ಷಣ ಯೋಚಿಸಿದಳು. "ಹಾರ್ಲಿ ಬಿಡಿ."

"ಎಷ್ಟೊತ್ತು ಸ್ವಾಮಿ ನಿಮ್ಮದು?" ಎಂದು ಸಾಲಿನ ಕೊನೆಯಿಂದ ಯಾರೋ ಗದರಿದರು. ಇನ್ನೊಂಚೂರಪ್ಪ ಜನ್ಮದಲ್ಲಿ ಯಾರ ಮೇಲೂ ದನಿಯೆತ್ತದವನು, ತಿರುಗಿ ನಿಂತು, "ಅಮ್ಮಾವ್ರು ಬೆಳಗಿಂದ ಒಂದು ಲೋಟ ನೀರು ಕುಡಿದಿಲ್ಲ. ಕುಡೀಲಿ, ಆಮೇಲೆ ನಿಮ್ಮ ನೀರಿನ ಮಾತು" ಎಂದ. ಸಾಲಿಗೆ ಸಾಲೇ ಗಪ್ ಆಯಿತು. ಮುದುಕಿ ತನ್ನ ಚೀಲದಿಂದ ಬಾಟಲಿ ತೆಗೆದು ತೂತಿನಲ್ಲಿ ತೂರಿಸಲು ನೋಡಿದಳು. ಬಾಟಲಿ ದಪ್ಪ, ಹಿಡಿಸಲಿಲ್ಲ. ಹೆಂಡತಿ ನಗು ತಡೆಯಲಾರದೆ ಮೇಜಿನ ಕೆಳಗೆ ಏನೋ ಬಿದ್ದವಳಂತೆ ಬಗ್ಗಿದಳು.

ಆ ಭಾನುವಾರ ಇನ್ನೊಂಚೂರಪ್ಪ ಹೊಸ ಆಟ ಶುರು ಮಾಡಿ, ಅವಳು ಹೇಳಿದ ಮಾಡುಗಳನ್ನಷ್ಟೇ ಹಾಕಿದ. ಕೈ ಎಷ್ಟು ಕಡಿಯಿತೆಂಬುದು ಅವನಿಗೇ ಗೊತ್ತು. ಮೋಡಗಳ ಒಂದು ಸೊಗಸಾದ ಮಾಡು ಕಣ್ಣೆದುರೇ ಇತ್ತು, ಮುಖ ತಿರುಗಿಸಿದ. ಆಮೇಲೆ ಗುಡಿಸಲು ತಾನೇ ಕಟ್ಟಿಕೊಡುತ್ತೇನೆಂದು ಹಟ ಹಿಡಿದ. ಅಲ್ಲಿಯವರೆಗೆ ಅವನು ಆ ಆಟವನ್ನು ಆಡಿಯೇ ಇರಲಿಲ್ಲ. ಮರ ಕಡಿಯಲು ಕಾಡಿಗೆ ಹೋದರೆ ತೋಳ ತಿಂದಿತು. ಮತ್ತೆ ಹೋದ, ಮತ್ತೆ ತಿಂದಿತು. ನದಿ ದಡಕ್ಕೆ ಓಡಿದರೆ ಏಡಿಯೊಂದು ಕೊಂದಿತು. "ಏಡಿ ಕೈಲೂ ಸತ್ತೆಯಲ್ಲೋ" ಎಂದು ತಾಯಿ ನಕ್ಕೂ ನಕ್ಕೂ ಹೆಣಿಗೆಯ ಲೆಕ್ಕ ತಪ್ಪಿಸಿಕೊಂಡಳು. ಹೆಂಡತಿ ಪಕ್ಕದಲ್ಲಿ ನಿಂತು, "ತೋಳಕ್ಕೆ ಅಣಬೆ ಹಾಕ್ರೀ, ಕತ್ತಿ ತೆಗೀಬೇಡಿ" ಎಂದು ಹೇಳಿಕೊಟ್ಟಳು. ಗುಡಿಸಲು ಸ್ವಲ್ಪ ವಾಲಿಕೊಂಡೇ ಎದ್ದಿತು. ಅವಳು ಅದರೊಳಗೆ ಹೋಗಿ, ಒಂದು ಸುತ್ತು ಬಂದು, "ಇರಲಿ, ಮುಟ್ಬೇಡಿ ಇನ್ನು" ಎಂದಳು.

ಅಲ್ಲಿಂದ ಆ ಮನೆಯಲ್ಲಿ ಒಂದು ಪದ್ಧತಿಯಾಯಿತು. ಭಾನುವಾರ ಅವನು ಒಂದು ಮಾಡನ್ನು ಮುಂದಿಟ್ಟು ಅದರ ಗುಣಗಾನ ಮಾಡಬೇಕು, ಅವಳು ಹೂಂ ಅಥವಾ ಊಹೂಂ ಅನ್ನಬೇಕು. ಊಹೂಂಗಳೇ ಹೆಚ್ಚು. ಒಮ್ಮೊಮ್ಮೆ ತಾಯಿಯೂ ಮತ ಹಾಕುತ್ತಿದ್ದಳು; ಮಾಟಗಾತಿಗೆ ಬೆಚ್ಚನೆಯ ಶಾಲು ಬಂದದ್ದು ಅವಳ ಒತ್ತಾಯಕ್ಕೇ.

ಡ್ರ್ಯಾಗನ್ ನೋಡಬೇಕೆಂದವಳೂ ಅವಳೇ. "ಎಲ್ಲಾ ಆಯ್ತು, ಆ ಹಾವಿನಂಥದ್ದು ಎಲ್ಲಿ? ನಾನು ಸಾಯೋದ್ರೊಳಗೆ ತೋರಿಸ್ತೀರಾ ಇಲ್ವಾ?" ಎಂದು ಪಟ್ಟು ಹಿಡಿದಳು. ಒಂದು ಮಧ್ಯಾಹ್ನ ಊಟ ಮುಗಿಸಿ ಮೂವರೂ ಕೂತು ಬೆಟ್ಟ ಹತ್ತಿದರು. ಗುಹೆಯೊಳಗೆ ಡ್ರ್ಯಾಗನ್ ಭಯಂಕರವಾಗಿ ಮೇಲೆದ್ದಿತು, ರೆಕ್ಕೆ ಬಿಚ್ಚಿತು, ಮುಂದೆ ನುಗ್ಗಿತು, ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ಹಳೆಯ ಆಟದ ಹಳೆಯ ದೋಷ. ತಲೆಯನ್ನು ಅತ್ತಿತ್ತ ಆಡಿಸುತ್ತ, ಬೆಂಕಿಯನ್ನು ಗೋಡೆಗೆ ಉಗುಳುತ್ತ, ಮಿಸುಕಲಾರದೆ ನಿಂತಿತ್ತು.

ಇನ್ನೊಂಚೂರಪ್ಪ ಕುರ್ಚಿಯಿಂದ ಅರ್ಧ ಎದ್ದ. "ಇದಕ್ಕೊಂದು ಮಾಡು—"

"ಬೇಡ!" ಎಂದರು ಅತ್ತೆ ಸೊಸೆ ಒಂದೇ ಸಲ.

ಹೆಂಡತಿ ಡ್ರ್ಯಾಗನ್ನಿನ ಬಾಲವನ್ನು ದಾಟಿ, ಮೆಲ್ಲಗೆ ಹೆಜ್ಜೆಯಿಟ್ಟು, ಅದರ ಬೆನ್ನ ಹಿಂದಿದ್ದ ಗಂಟೆಯನ್ನು ಎತ್ತಿಕೊಂಡು ಬಂದಳು. ಹೊರಡುವ ಮುಂಚೆ ಪಾಪವೆನಿಸಿ ಅದರ ಮುಂದೆಯೂ ಒಂದಷ್ಟು ಅಣಬೆ ಇಟ್ಟಳು. ಬೋಳು ರಾಜ ಗಂಟೆ ಕಂಡು ಅತ್ತ. ಪರದೆಯ ಮೇಲೆ ಆಟ ಮಾಡಿದವರ ಹೆಸರುಗಳು ಉದ್ದಕ್ಕೆ ಏರತೊಡಗಿದವು.

"ಮುಗೀತಾ?" ಎಂದಳು ತಾಯಿ, ನಿರಾಸೆಯಿಂದ.

"ಮುಗಿಯಲ್ಲ ಅತ್ತೆ" ಎಂದು ಹೆಂಡತಿ ಮೌಸನ್ನು ತನ್ನ ಕಡೆ ಎಳೆದುಕೊಂಡಳು. "ಮಾಡುಗಳಲ್ಲಿ ಹೊಸ ಹೊಸ ಊರುಗಳೂ ಇವೆಯಂತೆ. ನಾನು ಹುಡುಕ್ತೀನಿ."

ಅವಳು ಆರಿಸಿದ್ದು ಯಾರೋ ಒಬ್ಬ ಅಪರಿಚಿತ ಮಾಡಿದ ಪುಟ್ಟ ದ್ವೀಪ. ಅಲ್ಲಿ ಕತ್ತಿಯಿಲ್ಲ, ಶತ್ರುವಿಲ್ಲ. ಒಂದು ದೋಣಿ, ಒಂದು ಗಾಳ, ಒಂದು ಬೆಕ್ಕು. ಬಳಸಿದವರು ಬಹಳ ಮಂದಿಯಿಲ್ಲ, ಹೊಗಳಿದವರು ಇನ್ನೂ ಕಡಿಮೆ. ಇನ್ನೊಂಚೂರಪ್ಪ ಆ ದೋಣಿಯನ್ನು ಕಂಡೊಡನೆ ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿದ. ಒಂದು ವಾರ ಕಾಡಿ ಬೇಡಿದ ಮೇಲೆ ಅವಳು ದೋಣಿಯ ಹುಟ್ಟೊಂದನ್ನು ಮಾತ್ರ ಅವನಿಗೆ ಬಿಟ್ಟುಕೊಟ್ಟಳು. ಅವನು ಅದನ್ನು ಇನ್ನೊಂಚೂರು ಚೆನ್ನಾಗಿ ಮಾಡಿದ. ಈಗ ದೋಣಿ ಹಿಂದಕ್ಕೆ ಹೋಗುತ್ತದೆ. ಹಾಗೆ ಹಿಂದಕ್ಕೆ ಹೋಗುವಾಗ ಬಿಟ್ಟುಬಂದ ದಡ ಕೊನೆಯವರೆಗೂ ಕಾಣುತ್ತದೆ, ಬೆಕ್ಕು ಅಲ್ಲಿ ಕೂತು ನೋಡುತ್ತಿರುವುದೂ ಕಾಣುತ್ತದೆ ಎಂದು ಅವಳು ಅದನ್ನು ಹಾಗೆಯೇ ಇಟ್ಟುಕೊಂಡಿದ್ದಾಳೆ.